ಭೂತದ ಏಜೆಂಟನಿಗೊಂದು ಪತ್ರ

ಮಾನ್ಯ ಭೂತದ ಏಜೆಂಟರೇ,

ಮೊನ್ನೆ ಗ್ರೂಪಿನಲ್ಲಿ ನಾನು ಹಾಕಿದ ಭೂತ್ ಜೋಲೋಕಿಯಾದ, ಅಂದರೆ ಅಸ್ಸಾಮಿನ ಆ ಭಯಂಕರ ಖಾರದ ಮೆಣಸಿನ ಫೋಟೋ ನೋಡಿ, ‘ಸೂಪರ್ ಮಾರಾಯ, ಬೀಜ ಎಲ್ಲಿಂದ ತರಿಸಿದೆ?’ ಅಂತ ಕೇಳಿದ್ದೆಯಲ್ಲ. ‘ಆನ್‌ಲೈನ್’ ಅಂತ ಒಂದು ಪದ ಬರೆದು ಸುಮ್ಮನಾದೆ. ಅದು ಶುದ್ಧ ಸುಳ್ಳು. ನಿಜವಾದ ಉತ್ತರವನ್ನು ಇಲ್ಲಿ, ಊರಿಗೆಲ್ಲ ಕೇಳುವ ಹಾಗೆ ಬರೆಯುತ್ತಿದ್ದೇನೆ. ನಿನಗೊಬ್ಬನಿಗೇ ಬರೆದರೆ ನೀನು ಓದುವುದಿಲ್ಲ, ನಾಲ್ಕು ಜನ ಓದುತ್ತಿದ್ದಾರೆ ಅಂದರೆ ಓದುತ್ತೀಯ. ನನಗೆ ನಿನ್ನ ಗುಣ ಗೊತ್ತಿಲ್ವಾ?

ಬೀಜ ಕೊಟ್ಟವನು ನೀನೇ.

ಗುವಾಹಟಿಯಲ್ಲಿ ಇದ್ದಾಗ ಒಂದು ಸಲ ನೀನು ರಜೆಗೆ ಬಂದಿದ್ದೆ. ಪೇಪರಿನಲ್ಲಿ ಸುತ್ತಿದ ಒಣ ಮೆಣಸು ತಂದಿದ್ದೆ. ಮೇಲೆಲ್ಲ ಸುಕ್ಕು, ನೋಡಿದರೆ ಪಾಪ ಅನ್ನಿಸಬೇಕು, ಹಾಗಿತ್ತು. ‘ತೀರ್ಥಹಳ್ಳಿಯವರಿಗೆ ಧೈರ್ಯ ಇದ್ದರೆ ಕಚ್ಚಲಿ’ ಅಂದೆ. ಜೀರಿಗೆ ಮೆಣಸನ್ನು ಗಂಜಿ ಜೊತೆ ಕಚ್ಚಿಕೊಂಡು ಬೆಳೆದವನು ನಾನು, ಬಿಡುತ್ತೇನಾ? ಆಮೇಲೆ ನಡೆದದ್ದನ್ನು, ಅಂದರೆ ಎರಡನೇ ಮೊಸರಿನ ಪಾತ್ರೆ ಮತ್ತು ಪೋಸ್ಟ್‌ಮ್ಯಾನ್ ಸೈಕಲ್ಲಿನ ವಿಷಯವನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಹೆಂಡತಿ ಕಡೆಯವರೂ ಇದನ್ನು ಓದುತ್ತಾರೆ.

ಉಳಿದ ಮೆಣಸನ್ನು ನೀನು ಅಡಿಗೆ ಮನೆ ಕಟ್ಟೆ ಮೇಲೆ ಬಿಟ್ಟು ಹೋದೆ. ಅಮ್ಮ ಬೈದುಕೊಂಡು ಬೀಜ ತೆಗೆದು, ಬೂದಿ ಹಾಕಿ ಉಜ್ಜಿ, ಚೀಟಿ ಬಟ್ಟೆಯಲ್ಲಿ ಕಟ್ಟಿಟ್ಟಳು. ತಿನ್ನುವವರು ಯಾರೂ ಇಲ್ಲ, ಆದರೂ ಬೀಜ ಬಿಸಾಡುವುದು ಅವಳ ಜಾಯಮಾನದಲ್ಲೇ ಇಲ್ಲ. ನಾನು ಮೈಸೂರಿಗೆ ಬರುವಾಗ ಆ ಗಂಟೂ ಜೊತೆಗೆ ಬಂತು.

ಈ ಗಿಡದ ದೌಲತ್ತು ನಿನಗೆ ಗೊತ್ತಿಲ್ಲ, ನೀನು ಬರೀ ತಿಂದವನು. ಬ್ಯಾಡಗಿ ಬೀಜವಾದರೆ ವಾರ ಹತ್ತು ದಿನದಲ್ಲಿ ತಲೆ ಎತ್ತುತ್ತದೆ. ಇದು ಮೂರು ವಾರ, ಕೆಲವು ಸಲ ತಿಂಗಳು. ಮಣ್ಣು ಬೆಚ್ಚಗೆ 28 ಡಿಗ್ರಿ ಆಸುಪಾಸು ಇರಬೇಕು. ಮೈಸೂರಿನ ಜನವರಿ ರಾತ್ರಿಗೆ ಅದಕ್ಕೆ ಚಳಿಯಾಗುತ್ತದೆ ಅಂತ ಟ್ರೇಯನ್ನು ಸೆಟ್‌ಟಾಪ್ ಬಾಕ್ಸ್ ಮೇಲೆ ಇಟ್ಟೆ, ಸೀರಿಯಲ್ ನೋಡುವವರ ಕಣ್ಣಿಗೆ ಅಡ್ಡ. ಮೊಳಕೆ ಬಂದರೆ ನುಸಿ, ನುಸಿ ಹೋದರೆ ಥ್ರಿಪ್ಸ್ ಹುಳ, ಅದರ ಹಿಂದೆಯೇ ಎಲೆ ಮುಟುರು. ಬೇವಿನೆಣ್ಣೆ ವಾಸನೆಗೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು.

ಬೀಜ ತೆಗೆಯುವುದೇ ಒಂದು ಯುದ್ಧ. ಖಾರ ಇರುವುದು ಬೀಜದಲ್ಲಿ ಅಂತ ಎಲ್ಲರೂ ತಿಳಿದಿದ್ದಾರೆ. ಬೀಜದಲ್ಲಿ ಏನೂ ಇಲ್ಲ. ಬೀಜ ಅಂಟಿಕೊಂಡಿರುತ್ತದಲ್ಲ, ಆ ಬಿಳಿ ತಿರುಳಿನಲ್ಲಿ ಕ್ಯಾಪ್ಸೈಸಿನ್ ಅನ್ನುವ ಖಾರದ ಅಂಶ ತಯಾರಾಗುತ್ತದೆ, ಬೀಜಕ್ಕೆ ಅದು ಬರೀ ಮೆತ್ತಿಕೊಳ್ಳುತ್ತದೆ. ಕೈಗೂ ಹಾಗೇ ಮೆತ್ತಿಕೊಳ್ಳುತ್ತದೆ. ನೀರು ಹಾಕಿ ತೊಳೆದರೆ ಹೋಗುವುದಿಲ್ಲ, ಎಣ್ಣೆ ಹಚ್ಚಿ ಸೋಪು ಹಾಕಬೇಕು. ತಮಾಷೆ ಅಂದರೆ ಅಲ್ಲಿ ಏನೂ ಸುಟ್ಟಿರುವುದಿಲ್ಲ. ಬಿಸಿ ತಾಗಿದಾಗ ಎಚ್ಚರಿಸುವ ನರದ ತುದಿಯನ್ನೇ ಅದು ಯಾಮಾರಿಸುತ್ತದೆ ಅಷ್ಟೇ. ಅದು ಹೇಗೆ ಅಂತ ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಹಕ್ಕಿಗಳು ಮಾತ್ರ ಯಾಮಾರುವುದಿಲ್ಲ. ಪಿಕಳಾರ ಬಂದು ಹಣ್ಣು ಮೆಣಸನ್ನು ಆರಾಮಾಗಿ ನುಂಗಿ ಹೋಗುತ್ತದೆ. ನಮ್ಮೂರಲ್ಲಿ ಜೀರಿಗೆ ಮೆಣಸನ್ನು ಯಾರಾದರೂ ನೆಟ್ಟದ್ದು ನೋಡಿದ್ದೀಯಾ? ಎಲ್ಲ ಹಕ್ಕಿಗಳದೇ ಕೃಷಿ.

ಈಗ ಪ್ರಪಂಚದಲ್ಲಿ ಇದಕ್ಕಿಂತ ಖಾರದ್ದು ಬಂದಿದೆ. 2013ರಲ್ಲಿ ಕ್ಯಾರೊಲಿನಾ ರೀಪರ್, 2023ರಲ್ಲಿ ಪೆಪ್ಪರ್ ಎಕ್ಸ್, ಅದು ಖಾರ ಅಳೆಯುವ ಲೆಕ್ಕದಲ್ಲಿ 26 ಲಕ್ಷ 93 ಸಾವಿರ ಸ್ಕೋವಿಲ್ ಅಂತೆ. ನನಗೆ ಆ ಪೈಪೋಟಿ ಬೇಡ. ಅಸ್ಸಾಮು, ನಾಗಾಲ್ಯಾಂಡಿನವರು ಇದನ್ನು ಪಂದ್ಯ ಕಟ್ಟಿ ತಿನ್ನಲು ಬೆಳೆದವರಲ್ಲ, ಘಮಕ್ಕೆ ಬೆಳೆದವರು. ಸಾಸಿವೆ ಎಣ್ಣೆಯ ಉಪ್ಪಿನಕಾಯಿಗೆ, ಕಳಲೆಗೆ ಒಂದು ಚೂರು. ಪಂದ್ಯ ಕಟ್ಟಿದವನು ನೀನು.

ಭೂತ್ ಜೋಲೋಕಿಯಾದ ಗಿನ್ನೆಸ್ ದಾಖಲೆಯ ಕಥೆಯೂ ಬೀಜ ಉಳಿಸಿದ ಕಥೆಯೇ, ಗೊತ್ತಾ? 2001ರಲ್ಲಿ ಭಾರತಕ್ಕೆ ಬಂದವರೊಬ್ಬರು ಅಮೆರಿಕದ ನ್ಯೂ ಮೆಕ್ಸಿಕೋ ಸ್ಟೇಟ್ ಯೂನಿವರ್ಸಿಟಿಗೆ ಬೀಜ ಒಯ್ದರು. ಕಾಯಿ ಬಿಡುವುದೂ ಕಡಿಮೆ, ಕಾಯಿಯೊಳಗೆ ಬೀಜವೂ ಕಡಿಮೆ. ಪರೀಕ್ಷೆಗೆ ಸಾಕಾಗುವಷ್ಟು ಬೀಜ ಕೂಡಿಸಲು ಅಲ್ಲಿನ ಪ್ರೊಫೆಸರ್ ಪಾಲ್ ಬೋಸ್‌ಲ್ಯಾಂಡ್ ಮತ್ತು ಜೊತೆಯವರಿಗೆ ವರ್ಷಗಳೇ ಹಿಡಿದವು. 2007ರಲ್ಲಿ ಪ್ರಪಂಚದಲ್ಲೇ ಅತಿ ಖಾರದ್ದು ಅಂತ ದಾಖಲೆ ಆಯಿತು, 10,01,304 ಸ್ಕೋವಿಲ್. ಅವರಿಗೂ ಒಬ್ಬ ಏಜೆಂಟ್ ಇದ್ದ, ನೋಡು. ಅವನಿಗೆ ತಾನು ಕೊಟ್ಟದ್ದು ನೆನಪಿತ್ತು ಅಂದುಕೊಳ್ಳೋಣ.

ನಿನಗೆ ನೆನಪಿಲ್ಲ. ಅದೇ ನನಗೆ ಎಲ್ಲೋ ಕುಟುಕಿತು.

ನಿನ್ನ ಮೆಸೇಜು ಬಂದ ರಾತ್ರಿ ನಮ್ಮಿಬ್ಬರ ಚಾಟನ್ನು ಮೇಲಿನವರೆಗೂ ಓದಿದೆ. ನಾನು ಮೊಳಕೆಯ ಫೋಟೋ ಕಳಿಸಿದ್ದೇನೆ, ನೀನು ಹೆಬ್ಬೆರಳು. ನಾನು ಹೂವು, ನೀನು ಹೆಬ್ಬೆರಳು. ನಾನು ಹಣ್ಣು ಮೆಣಸು, ನೀನು ‘ಸೂಪರ್’. ವರ್ಷ ಬದಲಾಗುತ್ತದೆ, ಗುವಾಹಟಿ ಹೋಗಿ ದುಬೈ ಬರುತ್ತದೆ, ಮಾತು ಅದೇ. ನಡುವೆ ಒಂದು ಹೂವಿನ ಫೋಟೋ ಇದೆ. ತಾರೀಖು ನೋಡಿದೆ. ಆಫೀಸಿನವರು ನನ್ನನ್ನು ಕರೆದು, ಕಾಫಿ ಕೊಟ್ಟು, ನಾಳೆಯಿಂದ ಬರಬೇಡಿ ಅಂದರಲ್ಲ, ಅದೇ ವಾರ. ನಿನಗೆ ಗೊತ್ತಿಲ್ಲ, ಹೇಳಿರಲಿಲ್ಲ. ಮನೆಯಲ್ಲೂ ಕೆಲವು ದಿನ ಹೇಳಿರಲಿಲ್ಲ. ಬೆಳಗ್ಗೆ ಎದ್ದು ಶರ್ಟು ಇಸ್ತ್ರಿ ಮಾಡಿಕೊಂಡು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಕೂತಿದ್ದು ಬರುತ್ತಿದ್ದೆ. ಅಲ್ಲಿ ಕೂತು ನಿನಗೆ ಏನೇನೋ ಟೈಪ್ ಮಾಡಿದೆ, ಅಳಿಸಿದೆ, ಕೊನೆಗೆ ಫೋನಿನಲ್ಲಿದ್ದ ಹೂವಿನ ಫೋಟೋ ಕಳಿಸಿದೆ. ಹೆಬ್ಬೆರಳು ಕಳಿಸಿದೆ ನೀನು. ನಿನ್ನ ತಪ್ಪೇನೂ ಇಲ್ಲ, ಹೂವು ನೋಡಿದರೆ ಇನ್ನೇನು ಅನ್ನಬೇಕು?

ಇನ್ನೂ ಒಂದು. ಈ ಮೆಣಸನ್ನು ನಾನು ತಿನ್ನುವುದೇ ಇಲ್ಲ. ಗ್ಯಾಸ್ಟ್ರಿಕ್ ಅಂತ ಡಾಕ್ಟರು ಖಾರ ಬಿಡಿಸಿ ಎಷ್ಟೋ ಕಾಲವಾಯಿತು. ನಮ್ಮನೆ ಸಾರಿಗೆ ಈಗ ಮೂರು ಬ್ಯಾಡಗಿ, ಅದೂ ಬಣ್ಣಕ್ಕೆ. ಬೆಳೆದದ್ದೆಲ್ಲ ವಿನೆಗರ್ ಬಾಟಲಿಗೆ ಹೋಗುತ್ತದೆ, ಬಾಟಲಿ ಅಟ್ಟಕ್ಕೆ ಹೋಗುತ್ತದೆ. ಮತ್ತೆ ಯಾಕೆ ಬೆಳೆಯುತ್ತೀಯ ಅಂದರೆ, ಬೆಳೆಯದಿದ್ದರೆ ನಿನಗೆ ಕಳಿಸಲು ನನ್ನ ಹತ್ತಿರ ಬೇರೆ ಏನೂ ಇಲ್ಲ.

ಅಯ್ಯೋ, ಇಷ್ಟು ಬರೆಯಬೇಕು ಅಂತ ಇರಲಿಲ್ಲ. ಈಗ ಬೇರೆ ಕೆಲಸ ಸಿಕ್ಕಿದೆ, ಸಂಬಳ ಸ್ವಲ್ಪ ಕಡಿಮೆ, ಕಾಫಿ ಚೆನ್ನಾಗಿದೆ, ಗಾಬರಿ ಬೇಡ. ಅಯ್ಯೋ ಪಾಪ ಅನ್ನಲು ಬರುವವರು ಮುಂದಿನ ಮನೆಗೆ ಹೋಗಿ.

ಮೆಣಸಿನ ವಿಷಯಕ್ಕೇ ಬರೋಣ. ಈ ಸಲ ಒಂದು ಗಿಡ ಬೇರೆ ಥರ ಕಾಯಿ ಬಿಟ್ಟಿದೆ. ಸುಕ್ಕಿಲ್ಲ, ನುಣುಪು, ಅರ್ಧ ಗಾತ್ರ. ಪಕ್ಕದ ಕುಂಡದಲ್ಲಿ ಅಮ್ಮನ ಜೀರಿಗೆ ಮೆಣಸಿದೆ, ಮುಜಂಟಿ ಜೇನು ಎರಡೂ ಕಡೆ ಓಡಾಡುತ್ತದೆ. ಮೆಣಸಿನ ಹೂವು ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟುತ್ತದೆ ನಿಜ, ಆದರೆ ಜೇನು ಬಂದರೆ ಬೇಡ ಅನ್ನುವುದಿಲ್ಲ. ನಿನ್ನ ಭೂತ ಬೆರಕೆಯಾಗಿದೆ ಅನ್ನಿಸುತ್ತದೆ. ಹೋದ ವರ್ಷ ನಾಮಕರಣದಲ್ಲಿ ಬಾದಾಮಿ ತುಂಬಿ ಕೊಟ್ಟ ನೆಟ್ ಚೀಲಗಳನ್ನು ಕೆಲವು ಮೊಗ್ಗುಗಳಿಗೆ ಕಟ್ಟಿದ್ದೆ, ಅದರ ಬೀಜ ಮಾತ್ರ ಅಸಲಿ. ಹೊಸದಕ್ಕೆ ಹೆಸರಿಡುವ ಹಕ್ಕು ನಿನ್ನದು. ‘ಪೋಸ್ಟ್‌ಮ್ಯಾನ್’ ಅಂತ ಮಾತ್ರ ಬೇಡ.

ಬೀಜ ಬೇಕು ಅಂತ ಕೇಳಬೇಡ, ದುಬೈ ಕಸ್ಟಮ್ಸಿನವರಿಗೆ ವಿವರಿಸುವ ಶಕ್ತಿ ನನಗಿಲ್ಲ. ಬೇಕಾದರೆ ಬಾ, ಬಂದು ಒಯ್ಯಿ. ಮೊಸರು ಜಾಸ್ತಿ ಹೆಪ್ಪು ಹಾಕಲು ನಿನ್ನ ಅತ್ತಿಗೆಗೆ ಮೊದಲೇ ಹೇಳಿರುತ್ತೇನೆ. ಮತ್ತೆ ಕೇಳಿಸಿಕೋ, ಇದಕ್ಕೆ ಉತ್ತರ ಅಂತ ಹೆಬ್ಬೆರಳು ಕಳಿಸಿದರೆ ಬ್ಲಾಕ್ ಮಾಡುತ್ತೇನೆ, ಅಮ್ಮನಾಣೆ.

ನಿನ್ನ
ಹೆದರುಪುಕ್ಕಲ