ಮಗಳಿಗೊಂದು ಪತ್ರ: ಐದನೇ ಆನೆ ಬಿದ್ದ ಕಥೆ

ಪುಟ್ಟೀ,

ಫೋನಲ್ಲಿ ಹೇಳಿದ್ರೆ ಮಧ್ಯದಲ್ಲೇ ನಗೋಕೆ ಶುರು ಮಾಡ್ತೀಯ, ಅದಕ್ಕೇ ಬರೀತಿದೀನಿ. ನಿನ್ನೆ ಮಡಿಕೇರಿಗೆ ಹೋಗಿದ್ದೆ, ನಿನ್ನ ಫ್ರೆಂಡ್ಸ್ ಸೇರಿ ಆ ಇಂಗ್ಲಿಷ್ ಫ್ಯಾಂಟಸಿ ಕಾದಂಬರಿಕಾರ ಟೆರಿ ಪ್ರ್ಯಾಚೆಟ್ ಬಗ್ಗೆ ಹರಟ್ತಾರಲ್ಲ, ಆ ಮನೆಗೆ. ಹೌದು, ನಾನೇ. ಈ ಮಳೆಗೆ ನಿನ್ನ ಪುಸ್ತಕಕ್ಕೆಲ್ಲಾ ಬೂಷ್ಟು ಹಿಡೀತಿತ್ತು, ಒರೆಸೋಣ ಅಂತ ಒಂದು ತೆಗೆದವಳು ಕರೆಂಟಿಲ್ಲದ ಮೂರು ರಾತ್ರಿ ಟಾರ್ಚ್ ಇಟ್ಕೊಂಡು ಓದಿ ಮುಗಿಸ್ಬಿಟ್ಟೆ, ಆಮೇಲೆ ಇನ್ನೊಂದು. ಪಿಯುಸಿಲಿ ಇದೇ ಪುಸ್ತಕಕ್ಕೆ ನಿನ್ನ ಬೈದಿದ್ದು ನೆನಪಿದೆ, ಆ ವಿಷಯ ಈಗ ಬೇಡ.

ಮೊದಲು ಅರ್ಧ ಗಂಟೆ ಬಾಯೇ ಬಿಡ್ಲಿಲ್ಲ. ಅವ್ರೆಲ್ಲಾ ಅವನ ಡಿಸ್ಕ್‌ವರ್ಲ್ಡ್ ಸರಣಿಯ 41 ಕಾದಂಬರೀನೂ ಅರೆದು ಕುಡಿದವರು, 1983ರ ಮೊದಲನೇದ್ರಿಂದ್ಲೇ ಶುರು ಮಾಡ್ಬೇಕಾ ಬೇಡ್ವಾ ಅಂತ ಜಗಳ ಬೇರೆ. ಆಗ ಬೆಂಗಳೂರಿನ ಹುಡುಗನೊಬ್ಬ, ತಟ್ಟೆ ಥರ ಚಪ್ಪಟೆ ಪ್ರಪಂಚ, ಅದನ್ನ ಹೊತ್ತಿರೋ ನಾಲ್ಕು ಆನೆ, ಆನೆಗಳ ಕೆಳಗೆ ಆಕಾಶದಲ್ಲಿ ಈಜೋ ಆಮೆ, ಏನ್ ತಲೆ ಅಲ್ವಾ ಆಂಟಿ ಅಂದ. ತಡೀಲಿಲ್ಲ ನಂಗೆ. ಕೂರ್ಮ, ದಿಗ್ಗಜ ಅಂತ ಕೇಳಿಲ್ವೇನೋ, ನಮ್ಮಲ್ಲಿ ಎಂಟು, ಈ ಪುಣ್ಯಾತ್ಮ ನಾಲ್ಕು ಉಳಿಸಿದಾನೆ ಅಷ್ಟೇ ಅಂದೆ. ಮೊನ್ನೆ ನಮ್ಮ ತೋಟಕ್ಕೆ ಬಂದಿದ್ದು ಮೂರೇ ಮೂರು, ಬೈನೆ ಮರ ಸೀಳಿ, ಕಾಫಿ ಗಿಡ ತುಳಿದು, ಹೋಗ್ತಾ ನೀರಿನ ಪೈಪನ್ನೂ ಎಳ್ಕೊಂಡು ಹೋದ್ವು, ಅಂಥವು ಪ್ರಪಂಚ ಹೊತ್ಕೊಂಡು ಅಲ್ಲಾಡದೆ ನಿಂತಿವೆ ಅಂದ್ರೆ ಫ್ಯಾಂಟಸಿ ಅನ್ನೋದು ಅದಕ್ಕೇ ಅಂದೆ. ಐದನೇದೂ ಒಂದಿತ್ತಂತೆ ಆಂಟಿ, ಜಾರಿ ಬಿತ್ತಂತೆ, ಕಥೇಲಿದೆ ಅಂದ್ಳು ಒಬ್ಳು. ಬಿದ್ದಿರಲ್ಲ, ಹಲಸಿನ ವಾಸನೆ ಬಂದಿರತ್ತೆ, ಇಳಿದು ಹೋಗಿರತ್ತೆ ಅಂದೆ. ಆಮೇಲೆ ನನ್ನ ಕುರ್ಚಿ ಮಧ್ಯಕ್ಕೆ ಬಂತು.

ಜಾಸ್ತಿ ಹೊತ್ತು ಮಾತಾಡಿದ್ದು ಆ ಕಾದಂಬರಿಗಳಲ್ಲಿ ಬರೋ ಸಾವು ಅನ್ನೋ ಪಾತ್ರದ ಬಗ್ಗೆ. ಅದೇ, ಬಿಂಕಿ ಅನ್ನೋ ಬಿಳಿ ಕುದುರೆ ಮೇಲೆ ಬರ್ತಾನಲ್ಲ, ಬೆಕ್ಕು ಕಂಡ್ರೆ ಕರಗೋನು. ಅವನ ಮಾತೆಲ್ಲಾ ಇಂಗ್ಲಿಷ್ ದೊಡ್ಡಕ್ಷರದಲ್ಲಿ, ಕನ್ನಡಕ್ಕೆ ಹಾಕಿದ್ರೆ ಏನ್ ಮಾಡೋದು, ನಮ್ಮಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಇಲ್ವಲ್ಲ? ಹಳಗನ್ನಡ ಆಡ್ಸಿ ಅಂದ ಒಬ್ಬ. ಛೇ, ಅದು ನಾಟಕದ ಯಮ ಆಗ್ತಾನೆ. ಒತ್ತಕ್ಷರಾನೇ ಇಲ್ಲದ ಪದ ಮಾತ್ರ ಬಳಸ್ಬೇಕು, ನಿಧಾನಕ್ಕೆ, ಗಟ್ಟಿ ಮಾಡದೆ ಹೇಳೋ ಹಾಗೆ ಅಂದೆ. ಯಾರೂ ಒಪ್ಲಿಲ್ಲ, ನಂಗೀಗಲೂ ಅದೇ ಸರಿ ಅನ್ಸತ್ತೆ.

ತನಗೆ ಅಲ್ಝೈಮರ್, ಅದೇ ಮರೆವಿನ ಕಾಯಿಲೆ, ಅಂತ 2007ರಲ್ಲಿ ಪ್ರ್ಯಾಚೆಟ್ಟೇ ಎಲ್ರಿಗೂ ಹೇಳಿದ್ನಂತೆ, ಟೈಪ್ ಮಾಡೋಕಾಗದಿದ್ದಾಗ ಬಾಯಲ್ಲಿ ಹೇಳಿ ಬರೆಸ್ತಿದ್ನಂತೆ. 2015ರಲ್ಲಿ ಹೋದ. ನಮ್ಮಜ್ಜಿ ಕೊನೆಕೊನೆಗೆ ಅಕ್ಕಿ ತೊಳೆದು ತೊಳೆದು ಒಲೆ ಮೇಲಿಡೋದೇ ಮರೀತಿದ್ರಲ್ಲ, ನಾವು ವಯಸ್ಸಾಯ್ತು ಅಂತ ಬಿಟ್ವಿ.

ನಿನ್ನೆ ಕೊಡವರ ಕಕ್ಕಡ ತಿಂಗಳ 18ನೇ ದಿನ ಬೇರೆ, ಮದ್ದುಸೊಪ್ಪಿನ ಪಾಯಸ ಕೊಟ್ರು. ಬೆಂಗಳೂರಿನ ಹುಡುಗ ಮೂರು ಲೋಟ ಕುಡಿದ, ಬೆಳಿಗ್ಗೆ ಮೂತ್ರ ಕೆಂಪಗೆ ಹೋಗತ್ತೆ ಅಂತ ಒಬ್ರೂ ಹೇಳ್ಲಿಲ್ಲ, ನಾನೂ ಹೇಳ್ಲಿಲ್ಲ.

ಮುಂದಿನ ಸಲ ಪ್ರ್ಯಾಚೆಟ್‌ನ ಮಾಟಗಾತಿ ಅಜ್ಜಿ ಬರೋ ಕಾದಂಬರಿ ಓದ್ಕೊಂಡು ಬರ್ಬೇಕಂತೆ. ನಿನ್ನ ಕಪಾಟಿನ ಕೀ ಎಲ್ಲಿಟ್ಟಿದೀಯ, ಇವತ್ತೇ ಮೆಸೇಜ್ ಮಾಡು.

ಅಮ್ಮ