ಗುಡ್ಡದ ಮರೆಯ ಊರುಗಳಿಗೆ ಮೊಬೈಲ್ ಸಿಗ್ನಲ್ ಬೂಸ್ಟರ್ ಪರಿಹಾರವಲ್ಲ: ಹಾವೇರಿ ಕ್ಷೇತ್ರದ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರಿಗೆ,

ಗೌರವಪೂರ್ವಕ ನಮಸ್ಕಾರಗಳು. ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನಲ್ಲಿ, ಕಪ್ಪತಗುಡ್ಡದ ಸೆರಗಿಗೆ ಹತ್ತಿಕೊಂಡಿರುವ ಹಳ್ಳಿಯೊಂದರ ಮತದಾರನಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ. ನೆಟ್‌ವರ್ಕಿನ ದೂರನ್ನು ಗ್ರಾಮ ಪಂಚಾಯಿತಿಗೋ ತಹಶೀಲ್ದಾರರಿಗೋ ಕೊಡುವುದು ನಮ್ಮಲ್ಲಿ ರೂಢಿ. ಆದರೆ ದೂರಸಂಪರ್ಕ ಕೇಂದ್ರ ಸರ್ಕಾರಕ್ಕೆ ಸೇರಿದ ವಿಷಯವಾದ್ದರಿಂದ ನೇರವಾಗಿ ತಮಗೇ ಬರೆಯುವುದು ಸರಿಯೆನಿಸಿತು.

ಕಾಗದದ ಮೇಲೆ ನಮ್ಮದು ನೆಟ್‌ವರ್ಕ್ ಇರುವ ಊರು. ನಮಗೆ ಆಸರೆಯಾದ ಟವರ್ ಇರುವುದು ಗುಡ್ಡದ ಏಣಿನ ಆಚೆಗೆ. ಬಸ್ ನಿಲ್ದಾಣದಲ್ಲಿ ನಿಂತರೆ ಫೋನಿನಲ್ಲಿ ಎರಡು ಕಡ್ಡಿ ಕಾಣುತ್ತವೆ, ಓಣಿಯೊಳಗೆ ಬಂದರೆ ಒಂದು, ಹೊಸ್ತಿಲು ದಾಟಿದರೆ ಅದೂ ಇಲ್ಲ. 1800, 2100, 2300 ಮೆಗಾಹರ್ಟ್ಸ್‌ನಂಥ ಹೆಚ್ಚಿನ ಆವರ್ತನದ ಅಲೆಗಳು ಗುಡ್ಡವನ್ನು ಸುತ್ತಿ ಈಚೆಗೆ ಬಾಗುವುದು ಕಡಿಮೆ. ಬಂದಷ್ಟನ್ನೂ ನಮ್ಮ ಕಲ್ಲು-ಮಣ್ಣಿನ ದಪ್ಪ ಗೋಡೆಗಳು ಮತ್ತು ಮಾಳಿಗೆಯ ಮಣ್ಣಿನ ಮೇಲ್ಮುದ್ದೆ ಹೀರಿಕೊಳ್ಳುತ್ತವೆ, ಹೊಸ ಮನೆಗಳ ತಗಡಿನ ಮಾಡು ಹೊರಗೇ ತಿರುಗಿಸಿ ಕಳಿಸುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್ಲಿನ ಬಲ ಅಂಕಿಯಲ್ಲಿ ಕಾಣುತ್ತದೆ. ಮಾಳಿಗೆಯ ಮೇಲೆ ಮೈನಸ್ 95 ಡಿಬಿಎಂ ತೋರಿಸುವ ಫೋನು ನಡುಮನೆಯಲ್ಲಿ ಮೈನಸ್ 115ಕ್ಕೆ ಇಳಿಯುತ್ತದೆ. ಬರೀ 20 ಅಂಕಿ ಎನ್ನಿಸಬಹುದು. ಪ್ರತಿ ಹತ್ತು ಅಂಕಿಗೆ ಬಲ ಹತ್ತರಲ್ಲಿ ಒಂದಕ್ಕೆ ಇಳಿಯುವ ಈ ಲೆಕ್ಕದಲ್ಲಿ ಅದರ ಅರ್ಥ, ಒಳಗೆ ಉಳಿದದ್ದು ನೂರರಲ್ಲಿ ಒಂದು ಪಾಲು.

ಪಡಿತರ ಹಂಚುವ ದಿನ ತಾವೊಮ್ಮೆ ಬಂದು ನೋಡಬೇಕು. ನ್ಯಾಯಬೆಲೆ ಅಂಗಡಿಯವರು ಹೆಬ್ಬೆಟ್ಟಿನ ಯಂತ್ರವನ್ನು ಎತ್ತಿಕೊಂಡು ಸಿಗ್ನಲ್ ಹುಡುಕಿ ಗುಡಿಯ ಕಟ್ಟೆಗೆ ಬರುತ್ತಾರೆ, ಅವರ ಹಿಂದೆ ರೇಷನ್ ಕಾರ್ಡು ಹಿಡಿದ ಪಾಳಿಯೂ ಬರುತ್ತದೆ. ಕೂಲಿ ಬಿಟ್ಟು ಬಂದ ಹೆಣ್ಣುಮಕ್ಕಳು ಬೆರಳೊತ್ತಿ ಕಾಯುತ್ತಾರೆ, ‘ಸರ್ವರ್ ಇಲ್ಲ’ ಎಂದಾಗ ಬೆರಳು ಒರೆಸಿಕೊಂಡು ಮತ್ತೆ ಒತ್ತುತ್ತಾರೆ. ಅಕ್ಕಿ ಅಂಗಡಿಯಲ್ಲೇ ಇರುವುದರಿಂದ ಚೀಟಿ ಇಲ್ಲಿ, ತೂಕ ಅಲ್ಲಿ. ಬ್ಯಾಂಕಿನ ಓಟಿಪಿ ಅವಧಿ ಮುಗಿದ ಮೇಲೆ ಬರುತ್ತದೆ. ರಾತ್ರಿ 108ಕ್ಕೆ ಕರೆ ಮಾಡಬೇಕಾದವರು ಮೊದಲು ಮಾಳಿಗೆ ಹತ್ತಬೇಕು.

ಈ ಬವಣೆಯಿಂದಲೇ ಬೂಸ್ಟರುಗಳು ಊರು ಹೊಕ್ಕಿವೆ. ಮಾಳಿಗೆಯ ಮೇಲೊಂದು ಬಿದಿರಿನ ಗಳ, ಅದರ ತುದಿಗೆ ಬಾಚಣಿಗೆಯಂಥ ಆಂಟೆನಾ, ಬೆಳಕಿಂಡಿಯಿಂದ ಒಳಗಿಳಿದ ಕೇಬಲ್, ಗೋಡೆಯ ಗೂಡಿನಲ್ಲಿ ಮಿಣುಕುವ ಪೆಟ್ಟಿಗೆ. ಮಾರುವವರು ಹೇಳದ ಸಂಗತಿಯೆಂದರೆ, ಇಂಥ ರೇಡಿಯೊ ಸಾಧನವನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವುದೇ 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಕಾಲದಿಂದ ಅಪರಾಧ. 2023ರ ದೂರಸಂಪರ್ಕ ಕಾಯ್ದೆಯೂ ಅನುಮತಿಯನ್ನು ಕಡ್ಡಾಯ ಮಾಡಿದೆ. ಈ ನಿಯಮ ಅಕಾರಣವಾದದ್ದಲ್ಲ. ಬೂಸ್ಟರ್ ಸಿಗ್ನಲ್ಲನ್ನು ಹುಟ್ಟಿಸುವುದಿಲ್ಲ, ಮಾಳಿಗೆಯ ಮೇಲೆ ಸಿಕ್ಕಿದ್ದನ್ನು ಹಿಗ್ಗಿಸಿ ಒಳಗೆ ಬಿಡುತ್ತದೆ, ಒಳಗಿನ ಫೋನಿನ ಮಾತನ್ನು ಹಿಗ್ಗಿಸಿ ಟವರಿಗೆ ಕಳಿಸುತ್ತದೆ. ನಮ್ಮ ಗಿಡ್ಡ ಮನೆಗಳಲ್ಲಿ ಹೊರಗಿನ ಆಂಟೆನಾಕ್ಕೂ ಒಳಗಿನ ಆಂಟೆನಾಕ್ಕೂ ನಡುವೆ ಸಾಕಷ್ಟು ಅಂತರ ಸಿಗದೆ, ಜಾತ್ರೆಯಲ್ಲಿ ಮೈಕನ್ನು ಸ್ಪೀಕರಿನ ಮುಂದೆ ಹಿಡಿದಾಗ ಕಿರುಚುವಂತೆ, ಪೆಟ್ಟಿಗೆ ತನ್ನ ದನಿಯನ್ನೇ ತಾನು ಕೇಳಿ ಕಿರುಚತೊಡಗುತ್ತದೆ. ಆ ಗದ್ದಲ ಟವರಿಗೆ ತಲುಪಿ, ಅದೇ ಟವರನ್ನು ನಂಬಿರುವ ಸುತ್ತಲಿನವರ ಕರೆಗಳೂ ಕೆಡುತ್ತವೆ. ಆದರೂ ಬೂಸ್ಟರ್ ಕೊಂಡವರನ್ನು ಬೈಯಲು ನನಗೆ ಮನಸ್ಸಿಲ್ಲ.

ಸಿಮ್ ಹಾಕುವ 4ಜಿ ರೂಟರಿಗೆ ಹೊರ ಆಂಟೆನಾ ಜೋಡಿಸಿ, ಒಳಗೆ ವೈಫೈ ಮೂಲಕ ಮಾತಾಡುವ ದಾರಿಯೊಂದಿದೆ. ಅದು ಟವರಿನ ಅಲೆಗಳನ್ನು ಹಿಗ್ಗಿಸಿ ಮರುಪ್ರಸಾರ ಮಾಡುವುದಿಲ್ಲವಾದ್ದರಿಂದ ಈ ತೊಡಕಿಲ್ಲ. ಆದರೆ ವೈಫೈ ಕರೆಗೆ ಒಗ್ಗುವ ಫೋನು ಬೇಕು, ರೂಟರಿನ ಖರ್ಚು ಬೇರೆ. ಕೀಪ್ಯಾಡ್ ಫೋನಿನ ಹಿರಿಯರಿಗೆ ಅದರಿಂದ ಉಪಯೋಗವಿಲ್ಲ.

2022ರ ಜುಲೈನಲ್ಲಿ ಕೇಂದ್ರ ಸಚಿವ ಸಂಪುಟ 26,316 ಕೋಟಿ ರೂಪಾಯಿ ವೆಚ್ಚದಲ್ಲಿ ದೇಶದ 24,680 ಹಳ್ಳಿಗಳಿಗೆ 4ಜಿ ತಲುಪಿಸುವ ಯೋಜನೆಗೆ ಒಪ್ಪಿಗೆ ನೀಡಿತು. ಅದು ನೆಟ್‌ವರ್ಕ್ ಇಲ್ಲದ ಹಳ್ಳಿಗಳಿಗೆಂದು ಮಾಡಿದ ಯೋಜನೆ. ಬಸ್ ನಿಲ್ದಾಣದ ಎರಡು ಕಡ್ಡಿಗಳ ದೆಸೆಯಿಂದ ನಮ್ಮಂಥ ಊರು ‘ಇದೆ’ ಎಂಬ ಪಟ್ಟಿಗೆ ಸೇರಿಬಿಡುತ್ತದೆ, ಊರಿನಿಂದ ದೂರವಿರುವ ತಾಂಡಾಗಳೂ ಅದರ ಹೆಸರಿನಲ್ಲೇ ಎಣಿಕೆಯಾಗುತ್ತವೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2024ರ ಗುಣಮಟ್ಟ ನಿಯಮಗಳ ಪ್ರಕಾರ ಕಂಪನಿಗಳು ತಮ್ಮ ವ್ಯಾಪ್ತಿಯ ನಕ್ಷೆಯನ್ನು ಜಾಲತಾಣದಲ್ಲಿ ಪ್ರಕಟಿಸಬೇಕು. ಆ ನಕ್ಷೆಯಲ್ಲಿ ನಮ್ಮೂರಿಗೂ ಬಣ್ಣ ಬಳಿದಿದೆ. ಮನೆಯೊಳಗಿನ ಸ್ಥಿತಿಯನ್ನು ಆ ಬಣ್ಣ ಹೇಳುವುದಿಲ್ಲ.

ಆದ್ದರಿಂದ ಕೇಂದ್ರದ ಯೋಜನೆಗಳ ಪ್ರಗತಿ ಪರಿಶೀಲಿಸುವ ಜಿಲ್ಲೆಯ ದಿಶಾ ಸಮಿತಿಯ ಸಭೆಯಲ್ಲಿ ದೂರಸಂಪರ್ಕ ಇಲಾಖೆಯ ಕರ್ನಾಟಕ ಘಟಕವನ್ನೂ ಕಂಪನಿಗಳನ್ನೂ ಕೂರಿಸಿಕೊಂಡು, ಕಪ್ಪತಗುಡ್ಡದ ಸುತ್ತಲಿನ ಊರು ಮತ್ತು ತಾಂಡಾಗಳಲ್ಲಿ ರಸ್ತೆಯ ಮೇಲಷ್ಟೇ ಅಲ್ಲದೆ ಮನೆಯೊಳಗೂ ಸಿಗ್ನಲ್ ಅಳೆಯಲು ತಾವು ಸೂಚಿಸಬೇಕೆಂದು ಕೋರುತ್ತೇನೆ. ಅಳತೆಯಲ್ಲಿ ಬಿದ್ದುಹೋದ ಊರುಗಳನ್ನು, ಹಳ್ಳಿಗಳ ದೂರಸಂಪರ್ಕಕ್ಕೆ ಹಣ ಕೊಡುವ ಕೇಂದ್ರದ ಡಿಜಿಟಲ್ ಭಾರತ್ ನಿಧಿಯ ನೆರವಿಗೆ ಸೇರಿಸಬೇಕು. 2019ರಲ್ಲಿ ವನ್ಯಜೀವಿಧಾಮವಾಗಿ ಘೋಷಣೆಯಾದ ಗುಡ್ಡದ ನೆತ್ತಿಯ ಮೇಲೆ ಟವರ್ ನಿಲ್ಲಿಸಿರೆಂದು ನಾವು ಕೇಳುತ್ತಿಲ್ಲ, ಗುಡ್ಡಕ್ಕೆ ಈಗಾಗಲೇ ಸಾಕಷ್ಟು ಭಾರ ಬಿದ್ದಿದೆ. ಈಚೆ ಬದಿಯ ಗಾಯರಾಣದಲ್ಲಿ (ಗೋಮಾಳದಲ್ಲಿ) ಒಂದು ಟವರ್ ಎದ್ದು, ಅದರಲ್ಲಿ ದೂರಕ್ಕೂ ಗೋಡೆಯೊಳಕ್ಕೂ ಚೆನ್ನಾಗಿ ಹೋಗುವ 700 ಅಥವಾ 900 ಮೆಗಾಹರ್ಟ್ಸ್‌ನ ಅಲೆ ಹೊರಟರೆ ಸಾಕು. ವಿಕಿರಣದ ಭಯದಿಂದ ಕೆಲವರು ಅಡ್ಡಿಪಡಿಸಬಹುದು. ಭಾರತದ ಮಿತಿ ಅಂತರರಾಷ್ಟ್ರೀಯ ಮಾರ್ಗಸೂಚಿಗಿಂತ ಬಿಗಿಯಾದದ್ದು ಎಂಬುದನ್ನು ಅಧಿಕಾರಿಗಳೇ ಗ್ರಾಮಸಭೆಗೆ ಬಂದು ತಿಳಿಸಿದರೆ ಒಳ್ಳೆಯದು.

ಈಗಿರುವ ಟವರಿನ ಬ್ಯಾಟರಿಯ ಕಡೆಗೂ ಗಮನ ಹರಿಸಬೇಕು. ಕರೆಂಟ್ ಹೋದ ಅರ್ಧ ತಾಸಿಗೆಲ್ಲ ಅದು ಮಲಗಿಬಿಡುತ್ತದೆ. ಮಳೆ-ಗಾಳಿಯ ರಾತ್ರಿ, ಫೋನು ಎಲ್ಲಕ್ಕಿಂತ ಹೆಚ್ಚು ಬೇಕಾದಾಗಲೇ ಇಡೀ ಸೀಮೆ ಮೂಕಾಗುತ್ತದೆ. ಹೊಸ ಟವರಿಗೆ ಕಾಲ ಹಿಡಿಯಬಹುದು, ಬ್ಯಾಟರಿ ಬದಲಿಸಲು ಅಷ್ಟೊಂದು ಕಾಯಬೇಕಿಲ್ಲ. ಹೊಸ ಟವರ್ ಬರುವವರೆಗೆ ನ್ಯಾಯಬೆಲೆ ಅಂಗಡಿ, ಆಸ್ಪತ್ರೆ ಮತ್ತು ಪಂಚಾಯಿತಿ ಕಚೇರಿಗಳಿಗೆ ಕಂಪನಿಗಳೇ ತಮ್ಮ ಹೊಣೆಯಲ್ಲಿ, ಅಳೆದು ನೋಡಿ, ಕಾನೂನುಬದ್ಧ ರಿಪೀಟರ್ (ಅನುಮತಿಯಿರುವ ಬೂಸ್ಟರ್) ಕೂರಿಸಲಿ. ಪಂಚಾಯಿತಿಗಳಿಗೆ ಇಂಟರ್ನೆಟ್ ತಲುಪಿಸುವ ಕೇಂದ್ರದ ಭಾರತ್‌ನೆಟ್ ಯೋಜನೆಯ ಕೇಬಲ್ ಬಂದಿರುವ ಕಡೆಗಳಲ್ಲಿ ಅದರ ವೈಫೈ ಕಟ್ಟೆಯವರೆಗಾದರೂ ಸಿಗುವಂತಾಗಲಿ.

ಅಳತೆಗೆ ಬರುವ ಸಿಬ್ಬಂದಿಯನ್ನು ಓಣಿ ಓಣಿಗೂ ತಾಂಡಾಗಳಿಗೂ ಕರೆದೊಯ್ಯಲು ಊರಿನ ಯುವಕರು ಒಪ್ಪಿದ್ದಾರೆ. ದಿನಾಂಕವನ್ನು ಪಂಚಾಯಿತಿಗೆ ಮೊದಲೇ ತಿಳಿಸಿದರೆ ಅನುಕೂಲವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಕಪ್ಪತಗುಡ್ಡದ ಸೆರಗಿನ ಹಳ್ಳಿಯ ಒಬ್ಬ ಮತದಾರ
ಮುಂಡರಗಿ ತಾಲ್ಲೂಕು, ಗದಗ ಜಿಲ್ಲೆ