ಮಗಳಿಗೊಂದು ಪತ್ರ: ‘ನಾವೇನು ಮಾಡಬೇಕು?’

ಪ್ರೀತಿಯ ಮಗಳೇ,

ಕರ್ತನ ಹೆಸರಿನಲ್ಲಿ ವಂದನೆ. ಬೆಂಗಳೂರಿನ ಹೂಡಿಯ ಮನೆ ಒಂದು ಹದಕ್ಕೆ ಬಂತು, ನೀವು ನಾಲ್ಕು ಜನ ಸೇರಿ ಅಡುಗೆಗೂ ಒಬ್ಬರನ್ನು ಗೊತ್ತುಮಾಡಿಕೊಂಡಿರಿ ಎಂದು ಓದಿ ನೆಮ್ಮದಿಯಾಯಿತು. ಭಾನುವಾರ ಕೇಳಿದ ಪ್ರಸಂಗ ಸೋಮವಾರ ಆಫೀಸು ಮುಟ್ಟುವಷ್ಟರಲ್ಲಿ ಎಲ್ಲಿ ಹೋಗುತ್ತದೋ ತಿಳಿಯುವುದಿಲ್ಲ ಅಂದಿದ್ದೆಯಲ್ಲ, ಅದು ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸತ್ಯವೇದದಲ್ಲಿ ಲೂಕ 3ನೇ ಅಧ್ಯಾಯ ತೆರೆದು 10ರಿಂದ 14ರವರೆಗೆ ಓದು. ಸ್ನಾನಿಕನಾದ ಯೋಹಾನನ ಬಳಿಗೆ ಮೂರು ಗುಂಪಿನ ಜನ ಬರುತ್ತಾರೆ. ಮೂವರದ್ದೂ ಒಂದೇ ಪ್ರಶ್ನೆ: ನಾವೇನು ಮಾಡಬೇಕು? ಅವನು ಕೊಡುವ ಉತ್ತರಗಳನ್ನು ನೋಡು. ಎರಡು ಅಂಗಿ ಇರುವವನು ಇಲ್ಲದವನಿಗೆ ಒಂದು ಕೊಡಲಿ. ಸುಂಕದವರು ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬಾರದು. ಸಿಪಾಯಿಗಳು ಯಾರನ್ನೂ ಹೆದರಿಸಿ, ಸುಳ್ಳು ದೂರು ಹೊರಿಸಿ ಹಣ ಕೀಳಬಾರದು, ಬರುವ ಸಂಬಳದಲ್ಲಿ ತೃಪ್ತರಾಗಿರಬೇಕು. ಕೆಲಸ ಬಿಟ್ಟು ಅಡವಿಗೆ ಬನ್ನಿ ಎಂದು ಯಾರಿಗೂ ಹೇಳಲಿಲ್ಲ. ಅವರವರ ಕಸುಬಿನಲ್ಲಿ ಕೈ ಎಲ್ಲಿ ಜಾರುತ್ತದೋ ಅಲ್ಲಿಗೇ ಬೆರಳಿಟ್ಟ. ನೀನೂ ವಾಕ್ಯದ ಮುಂದೆ ಕೂತಾಗ ಈ ಪ್ರಶ್ನೆ ಕೇಳು. ಉತ್ತರ ಅಷ್ಟೇ ಚಿಕ್ಕದಾಗಿ, ಅಷ್ಟೇ ಖಚಿತವಾಗಿ ಬರುವವರೆಗೆ ಎದ್ದೇಳಬೇಡ.

ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಲೂಕನ ಸುವಾರ್ತೆಯಿಂದ ಶುರುಮಾಡು: 24 ಅಧ್ಯಾಯ, ದಿನಕ್ಕೆ ಅರ್ಧದಂತೆ ಏಳು ವಾರದಲ್ಲಿ ಮುಗಿಯುತ್ತದೆ. ಅಚ್ಚಿನ ಸತ್ಯವೇದವನ್ನೇ ಇಟ್ಟುಕೋ. ಫೋನಿನಲ್ಲಿ ಒಂದು ವಚನ ಹುಡುಕಿದರೆ ಅದೊಂದೇ ಎದ್ದು ಕಾಣುತ್ತದೆ, ಅದರ ಹಿಂದೆಮುಂದೆ ಇರುವುದು ಮರೆಯಾಗುತ್ತದೆ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಯಾರು ಯಾರಿಗೆ ಹೇಳುತ್ತಿದ್ದಾರೆ, ಇದರ ಹಿಂದೆ ಏನು ನಡೆದಿತ್ತು, ದೇವರ ವಿಷಯ ಏನು ತಿಳಿಯಿತು ಎಂದು ಒಂದೊಂದು ಸಾಲು ಬರೆ. ಕೊನೆಗೆ ನೀನು ಮಾಡಬೇಕಾದದ್ದನ್ನು ಬರೆ. ಅದರಲ್ಲಿ ಒಬ್ಬರ ಹೆಸರೋ, ಒಂದು ಹೊತ್ತೋ, ಒಂದು ಮೊತ್ತವೋ ಇರಲೇಬೇಕು. ‘ಎಲ್ಲರನ್ನೂ ಹೆಚ್ಚು ಪ್ರೀತಿಸುತ್ತೇನೆ’ ಎಂದು ಬರೆದರೆ, ಆಯಿತೋ ಇಲ್ಲವೋ ಎಂದು ರಾತ್ರಿ ನೋಡಿಕೊಳ್ಳಲು ಬರುವುದಿಲ್ಲ. ‘ಗುರುವಾರ ಸಂಜೆ ಸೋದರತ್ತೆಗೆ ಫೋನ್ ಮಾಡಿ ಮೊಣಕಾಲು ನೋವು ವಿಚಾರಿಸುತ್ತೇನೆ’ ಎಂದು ಬರೆದರೆ ನೋಡಿಕೊಳ್ಳಬಹುದು. ಎಲ್ಲ ಭಾಗಕ್ಕೂ ಹೀಗೆ ಒಂದು ಕೆಲಸ ಹೊಂದಿಸಲು ಹೋಗಬೇಡ. ಲೂಕ 3ರ ಕೊನೆಯಲ್ಲಿ ವಂಶಾವಳಿ ಬರುತ್ತದೆ. ಆ ದಿನ ಕೊನೆಯ ಸಾಲು ಖಾಲಿ ಬಿಡು. ಕೀರ್ತನೆಗಳಲ್ಲಿ ಎಷ್ಟೋ ಕಡೆ ಬರೆದವರೊಂದಿಗೆ ಅಳುವುದು, ಸ್ತುತಿಸುವುದು ಬಿಟ್ಟರೆ ಬೇರೆ ಕೆಲಸವೇ ಇರುವುದಿಲ್ಲ.

ಇನ್ನೊಂದನ್ನು ಈಗಲೇ ಮನಸ್ಸಿನಲ್ಲಿಡು. ಈ ಕೆಲಸಗಳಿಂದ ರಕ್ಷಣೆ ಗಳಿಸುತ್ತೇವೆ ಎಂದಲ್ಲ. ಎಫೆಸದವರಿಗೆ 2ರ 8, 9ನೇ ವಚನ ಕೃಪೆಯಿಂದಲೇ ಎನ್ನುತ್ತದೆ. 10ನೆಯದು, ದೇವರು ಮೊದಲೇ ಸಿದ್ಧಮಾಡಿದ ಸತ್ಕ್ರಿಯೆಗಳಿಗಾಗಿ ನಾವು ಸೃಷ್ಟಿಯಾದವರು ಎನ್ನುತ್ತದೆ. ಮೂರನ್ನೂ ಒಟ್ಟಿಗೆ ಓದು.

ಹೊಸ ವರ್ಷದ ರಾತ್ರಿ ಆರಾಧನೆಯಲ್ಲಿ ಒಂದೊಂದು ವಚನ ಬರೆದ ವಾಗ್ದಾನದ ಚೀಟಿ ಎತ್ತುತ್ತಾರಲ್ಲ, ಹೆಚ್ಚಿನ ತಪ್ಪು ತಿಳಿವಳಿಕೆ ಅಲ್ಲಿಂದಲೇ ಹುಟ್ಟುತ್ತದೆ. ಯೆರೆಮೀಯ 29:11 ಎಷ್ಟು ಮನೆಗಳ ಗೋಡೆಯ ಮೇಲಿದೆ! ನಿಮ್ಮ ಹಿತಕ್ಕಾಗಿ ಆಲೋಚಿಸಿದ್ದೇನೆ, ನಿರೀಕ್ಷೆ ಕೊಡುತ್ತೇನೆ ಎಂಬ ಮಾತು ಅದು. ಬಾಬೆಲಿಗೆ ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಬರೆದ ಪತ್ರದಲ್ಲಿದೆ. ಅದರ ಹಿಂದಿನ ವಚನ 70 ವರ್ಷ ಕಾಯಬೇಕು ಎನ್ನುತ್ತದೆ. ಪ್ರಮೋಷನ್ ಬರುತ್ತದೆ ಎಂಬ ಭರವಸೆಯಾಗಿ ಅದನ್ನು ಹಿಡಿದುಕೊಂಡವರು, ಬರದಿದ್ದಾಗ ದೇವರ ಮೇಲೆಯೇ ಮುನಿಸಿಕೊಳ್ಳುತ್ತಾರೆ. ಆ ಪತ್ರದ 5ರಿಂದ 7ನೇ ವಚನಗಳನ್ನು ಯಾರೂ ಗೋಡೆಗೆ ಹಾಕುವುದಿಲ್ಲ: ಮನೆ ಕಟ್ಟಿರಿ, ತೋಟ ಮಾಡಿರಿ, ನೀವಿರುವ ಪಟ್ಟಣದ ಕ್ಷೇಮವನ್ನು ಹಾರೈಸಿರಿ, ಅದಕ್ಕಾಗಿ ಪ್ರಾರ್ಥಿಸಿರಿ. ಬೆಂಗಳೂರಿಗೆ ಹೊಟ್ಟೆಪಾಡಿಗೆ ಬಂದ ನಿನಗೆ ಈ ಮೂರು ವಚನ ಬಹಳ ಹತ್ತಿರದವು. ಹಸಿ ಕಸ, ಒಣ ಕಸ ಬೇರೆಮಾಡು. ಸ್ಯಾನಿಟರಿ ಪ್ಯಾಡುಗಳನ್ನು ಕಾಗದದಲ್ಲಿ ಸುತ್ತಿ, ಗುರುತು ಹಾಕಿ, ಪ್ರತ್ಯೇಕವಾಗಿ ಕೊಡು. ಬೆರೆಸಿ ಎಸೆದರೆ ಅದನ್ನು ಬರಿಗೈಯಲ್ಲಿ ಬಿಡಿಸುವವಳು ಒಬ್ಬ ಪೌರಕಾರ್ಮಿಕ ಹೆಂಗಸು. ಪಟ್ಟಣಕ್ಕಾಗಿ ಪ್ರಾರ್ಥಿಸುವ ಬಾಯಿ, ಅವಳ ಕೈಯನ್ನು ಮರೆಯಬಾರದು. ವಚನವನ್ನು ಕಿತ್ತು ಬಳಸುವುದರಿಂದ ಎಂಥ ಅಪಾಯ ಎನ್ನುವುದಕ್ಕೆ ಲೂಕ 4ರಲ್ಲೇ ಸಾಕ್ಷಿಯಿದೆ. ಯೇಸುವನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ 91ನೇ ಕೀರ್ತನೆಯನ್ನು ಒಪ್ಪಿಸಿದವನು ಸೈತಾನ.

ಈಗ ಹಣದ ವಿಷಯ. ಸತ್ಯವೇದ ಇದರ ಬಗ್ಗೆ ಮುಜುಗರವಿಲ್ಲದೆ ಮಾತಾಡುತ್ತದೆ, ನಾನೂ ಮಾತಾಡುತ್ತೇನೆ.

ಮೊದಲನೆಯದು ನಿನ್ನಿಂದ ಸಂಬಳ ಪಡೆಯುವವರದ್ದು. ಕೂಲಿಯವನ ಕೂಲಿ ಬೆಳಗಾಗುವವರೆಗೆ ನಿನ್ನಲ್ಲಿ ಉಳಿಯಬಾರದು ಎಂದು ಯಾಜಕಕಾಂಡ 19:13 ಹೇಳುತ್ತದೆ. ಧರ್ಮೋಪದೇಶಕಾಂಡ 24:15 ಕಾರಣವನ್ನೂ ಕೊಡುತ್ತದೆ: ಅವನು ಬಡವ, ಅದನ್ನೇ ನೆಚ್ಚಿಕೊಂಡಿದ್ದಾನೆ. ನಿಮ್ಮ ಅಡುಗೆಯಾಕೆಗೆ ಒಂದನೇ ತಾರೀಖು ಎಂದು ಮಾತಾಗಿದ್ದರೆ ಅದು ಐದಕ್ಕೆ ಜಾರಬಾರದು. ನಾಲ್ಕು ಜನ ಇರುವ ಮನೆಯಲ್ಲಿ ಇದು ಜಾರುವುದು ದುಷ್ಟತನದಿಂದಲ್ಲ. ‘ಅವಳು ಕಳಿಸಿರಬೇಕು’ ಎಂದು ಪ್ರತಿಯೊಬ್ಬರೂ ಅಂದುಕೊಳ್ಳುವುದರಿಂದ. ತಿಂಗಳ ಕೊನೆಯ ದಿನ ನಾಲ್ವರ ಪಾಲೂ ಒಬ್ಬರ ಕೈ ಸೇರಲಿ, ಆ ಒಬ್ಬರು ನೀನೇ ಆಗು. ನಗದು ಬೇಕೋ, ಫೋನಿಗೆ ಹಾಕಬೇಕೋ ಎಂದು ಆಕೆಯನ್ನೇ ಕೇಳು. ಎಷ್ಟೋ ಮನೆಗಳಲ್ಲಿ ಫೋನು ಗಂಡನ ಕೈಯಲ್ಲಿರುತ್ತದೆ, ಹಾಕಿದ ಹಣ ಆಕೆಗೆ ದಕ್ಕುವುದಿಲ್ಲ. ಕ್ರಿಸ್ಮಸ್‌ಗೆ ನೀವೆಲ್ಲ ಹತ್ತು ದಿನ ಊರಿಗೆ ಹೋದರೆ ಆ ಹತ್ತು ದಿನದ ಸಂಬಳ ಹಿಡಿಯಬೇಡಿ. ರಜೆ ತೆಗೆದುಕೊಂಡವರು ನೀವು. ಹಿಡಿದ ಕೂಲಿಯೇ ಕೂಗುತ್ತದೆ ಎಂದು ಯಾಕೋಬನು 5:4ರಲ್ಲಿ ಬರೆಯುತ್ತಾನೆ.

ವಾರದ ರಜೆಯೂ ಇದರ ಜೊತೆಗೇ ಬರುವ ಮಾತು. ಸಬ್ಬತ್ತು ಎಂಬ ವಿಶ್ರಾಂತಿ ದಿನದ ಆಜ್ಞೆ ಧರ್ಮೋಪದೇಶಕಾಂಡ 5:14ರಲ್ಲಿ ನಿನಗೆ ಮಾತ್ರ ಅಲ್ಲ, ನಿನ್ನ ಸೇವಕ ಸೇವಕಿಯರೂ ನಿನ್ನಂತೆಯೇ ದಣಿವಾರಿಸಿಕೊಳ್ಳಲಿ ಎಂದು ಬಿಡಿಸಿ ಹೇಳುತ್ತದೆ. ಶನಿವಾರ ಸಂಜೆಯೇ ತರಕಾರಿ, ಹಾಲು ತಂದಿಟ್ಟು ಭಾನುವಾರ ಆಕೆಗೆ ಬಿಡುವು ಕೊಡಿ. ಭಾನುವಾರ ನಿನಗೆ ಶಿಫ್ಟ್ ಬಿದ್ದರೆ ಕೊರಗಬೇಡ, ಆ ವಾರ ಬೇರೆ ದಿನವನ್ನು ಹಾಗೆಯೇ ಕಾಪಾಡಿಕೋ.

ಕಾಣಿಕೆಯ ಬಗ್ಗೆ. ಕೈಗೆ ಬರುವುದು 30,000 ಎಂದಿಟ್ಟುಕೊ. ಹತ್ತನೆಯ ಒಂದು ಪಾಲು, 3,000, ಸಂಬಳ ಬಂದ ದಿನವೇ ಪಕ್ಕಕ್ಕಿಡು. ಕೊನೆಗೆ ಉಳಿದರೆ ಕೊಡೋಣ ಎಂದರೆ ಯಾವ ತಿಂಗಳೂ ಉಳಿಯುವುದಿಲ್ಲ. ವಾರದ ಮೊದಲನೆಯ ದಿನವೇ ತೆಗೆದಿಡಿ ಎಂದು ಪೌಲನು 1 ಕೊರಿಂಥ 16:2ರಲ್ಲಿ ಹೇಳಿದ್ದು ಅದಕ್ಕೇ. ಆದರೆ ಕೊಟ್ಟಷ್ಟೂ ದುಪ್ಪಟ್ಟಾಗಿ ಬರುತ್ತದೆ ಎಂದು ಮಲಾಕಿಯ 3:10 ಹಿಡಿದು ಹೆದರಿಸಿ, ಆಸೆ ತೋರಿಸಿ ವಸೂಲಿ ಮಾಡುವವರಿಂದ ದೂರವಿರು. ಮೂರನೆಯ ವರ್ಷದ ದಶಮಭಾಗ ಊರಲ್ಲೇ ಉಳಿದು ದೇವರ ಸೇವೆಯಲ್ಲಿದ್ದ ಲೇವಿಯರ ಜೊತೆಗೆ ಪರದೇಶಿ, ಅನಾಥ, ವಿಧವೆಯರ ಹೊಟ್ಟೆ ತುಂಬಿಸಬೇಕಿತ್ತು (ಧರ್ಮೋಪದೇಶಕಾಂಡ 14:28-29). ದೇವರಿಗೆ ಕೊಟ್ಟೆ ಎಂದು ಹೆತ್ತವರ ಔಷಧಿಗೆ ಇಲ್ಲವೆನ್ನುವುದನ್ನು ಯೇಸು ಮಾರ್ಕ 7:11ರಲ್ಲಿ ಕೊರ್ಬಾನಿನ, ಅಂದರೆ ದೇವರಿಗೆ ಮೀಸಲಿಟ್ಟ ಕಾಣಿಕೆಯ, ಹೆಸರೆತ್ತಿ ಖಂಡಿಸಿದ್ದಾನೆ. ನಮಗೆ ಏನೂ ಬೇಡ, ನಿಮ್ಮ ಅಜ್ಜಿಯ ಕಣ್ಣಿನ ಖರ್ಚಿನಲ್ಲಿ ನಿನ್ನದೂ ಒಂದು ಪಾಲಿರಲಿ.

ಹೊಲದ ಅಂಚು ಕೊಯ್ಯಬೇಡ, ಹಕ್ಕಲಾಯಬೇಡ, ಅದು ಬಡವರಿಗೂ ಪರದೇಶಿಗಳಿಗೂ ಇರಲಿ ಎಂಬ ಆಜ್ಞೆ (ಯಾಜಕಕಾಂಡ 19:9-10) ನನಗೆ ಬಹಳ ಇಷ್ಟ. ಪರದೇಶದಿಂದ ಬಂದ ವಿಧವೆ ರೂತಳು ಬದುಕಿದ್ದೇ ಆ ಹಕ್ಕಲಿನಿಂದ. ನಿನಗೆ ಹೊಲವಿಲ್ಲ, ಸಂಬಳವಿದೆ. ತಿಂಗಳಿಗೆ 1,000 ರೂಪಾಯಿ ಯಾವ ಲೆಕ್ಕಕ್ಕೂ ಸೇರಿಸದೆ ಬಿಡು. ವಾಚ್‌ಮನ್ ಮಗನ ಪುಸ್ತಕ ಅಂತಲೋ, ಅಡುಗೆಯಾಕೆಯ ಜ್ವರ ಅಂತಲೋ ಕೇಳಿಕೊಂಡು ಬಂದಾಗ ಲೆಕ್ಕ ಹಾಕುತ್ತಾ ನಿಲ್ಲುವ ಸಂಕಟ ಇರುವುದಿಲ್ಲ.

ಕ್ರೆಡಿಟ್ ಕಾರ್ಡಿನಲ್ಲಿ ‘ಕನಿಷ್ಠ ಮೊತ್ತ’ ಕಟ್ಟಿ ಸುಮ್ಮನಾಗಬೇಡ. 40,000 ಬಾಕಿ, ತಿಂಗಳಿಗೆ ಶೇ 3.5 ಬಡ್ಡಿ ಎಂದಿಟ್ಟುಕೊ: ಬಡ್ಡಿ 1,400, ಅದರ ಮೇಲೆ ಶೇ 18 ಜಿಎಸ್‌ಟಿ 252. ನೀನು ಶೇ 5ರಂತೆ 2,000 ಕಟ್ಟಿದರೆ ಅಸಲು ಇಳಿಯುವುದು 348 ರೂಪಾಯಿ ಮಾತ್ರ. ಸಾಲಗಾರ ಸಾಲ ಕೊಟ್ಟವನಿಗೆ ಸೇವಕ ಎಂಬ ಜ್ಞಾನೋಕ್ತಿ 22:7ನ್ನು ಈ ಲೆಕ್ಕದ ಪಕ್ಕದಲ್ಲಿ ಬರೆದಿಡು. ಯಾರ ಸಾಲಕ್ಕೂ ಜಾಮೀನು ಹಾಕಬೇಡ. ಅದೇ ಅಧ್ಯಾಯದ 26, 27ನೇ ವಚನ ನೋಡು. ಸಹಾಯ ಮಾಡಬೇಕೆನಿಸಿದರೆ, ಹೋದರೂ ಹೋಗಲಿ ಎನ್ನುವಷ್ಟನ್ನು ಕೈಯಿಂದಲೇ ಕೊಟ್ಟುಬಿಡು.

ಆಫೀಸಿನಲ್ಲಿ ಕೈ ಜಾರುವ ಕಡೆಗಳು ನಿನಗೇ ಗೊತ್ತಿವೆ: ತೆರಿಗೆ ಉಳಿಸಲು ಸುಳ್ಳು ಬಾಡಿಗೆ ರಸೀದಿ, ಮಾಡದ ಕೆಲಸದ ಗಂಟೆ ಬರೆಯುವುದು, ಇಲ್ಲದ ಅನುಭವದ ಪತ್ರ. ಎಲ್ಲರೂ ಮಾಡುತ್ತಾರೆ ಎಂಬ ಮಾತು ಸುಂಕದವರ ಕಾಲದಲ್ಲೂ ನಿಜವೇ ಆಗಿತ್ತು. ಈಗಾಗಲೇ ಯಾವುದಾದರೂ ಆಗಿದ್ದರೆ ಪ್ರಾರ್ಥನೆಯಲ್ಲಿ ಅರಿಕೆಮಾಡಿ ಅಲ್ಲಿಗೇ ಬಿಡಬೇಡ, ತಿದ್ದಿ ಸರಿಮಾಡು. ಸುಂಕದವನಾದ ಜಕ್ಕಾಯನು ಅನ್ಯಾಯವಾಗಿ ತೆಗೆದುಕೊಂಡಿದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದನು. ಈ ಮನೆಗೆ ಈ ಹೊತ್ತು ರಕ್ಷಣೆ ಬಂತು ಎಂದು ಯೇಸು ಹೇಳಿದ್ದು ಆ ಮಾತು ಕೇಳಿದ ಮೇಲೆ.

ಜಗಳಕ್ಕೆ ಮತ್ತಾಯ 18:15-17 ಇದೆ. ಮೊದಲು ಇಬ್ಬರೇ ಇರುವಾಗ ಹೋಗಿ ಮಾತಾಡು. ಕೇಳದಿದ್ದರೆ ಒಬ್ಬರನ್ನೋ ಇಬ್ಬರನ್ನೋ ಕರೆದುಕೊಂಡು ಹೋಗು. ಸಭೆಗೆ ಹೇಳುವುದು ಅದರ ಮೇಲೆ. ನಾವು ಮಾಡುವುದು ತಲೆಕೆಳಗು: ಮೊದಲು ವಾಟ್ಸ್ಯಾಪ್ ಗುಂಪು, ಆಮೇಲೆ ಮೂರನೆಯವರ ಕಿವಿ, ಕೊನೆಗೆ ಆ ಮನುಷ್ಯ. ಅಷ್ಟರಲ್ಲಿ ಅವರಿಗೆ ತಪ್ಪೊಪ್ಪಿಕೊಳ್ಳಲು ಮುಖವೇ ಉಳಿದಿರುವುದಿಲ್ಲ. ‘ನೀನು ಯಾವಾಗಲೂ ಹೀಗೇ’ ಎನ್ನಬೇಡ. ‘ಮಂಗಳವಾರ ಗ್ಯಾಸ್ ಮುಗಿದಾಗ ನನ್ನ ಮೇಲೆ ಕೂಗಿದೆ, ನನಗೆ ನೋವಾಯಿತು’ ಎನ್ನು. ಹೊತ್ತು ಮುಳುಗುವ ಮುಂಚೆ ಸಿಟ್ಟು ತೀರಲಿ ಎಂದು ಎಫೆಸ 4:26 ಹೇಳಿದರೂ ರಾತ್ರಿ ಹನ್ನೊಂದಕ್ಕೆ ನಿದ್ದೆಗಣ್ಣಿನಲ್ಲಿ ಇತ್ಯರ್ಥ ಮಾಡಲು ಹೋದರೆ ಇನ್ನಷ್ಟು ಕೆಡುತ್ತದೆ. ‘ನನಗೆ ಸಿಟ್ಟಿಲ್ಲ, ನಾಳೆ ತಿಂಡಿಗೆ ಕೂತು ಮಾತಾಡೋಣ’ ಎಂದು ಹೇಳಿ ಮಲಗು.

ಆದರೆ ಮಗಳೇ, ಯಾರಾದರೂ ಮೈಮೇಲೆ ಕೈ ಹಾಕಿದರೆ, ಅಸಹ್ಯವಾಗಿ ನಡೆದುಕೊಂಡರೆ, ಅವನ ಬಳಿ ಒಬ್ಬಳೇ ಹೋಗಿ ಮಾತಾಡಬೇಡ. ಅದಕ್ಕೆ ಈ ವಚನವನ್ನು ತಂದು ನಿನ್ನ ಬಾಯಿ ಮುಚ್ಚಿಸುವವರು ಯಾರೇ ಆಗಿರಲಿ, ಸಭೆಯವರೇ ಆಗಿರಲಿ, ಕೇಳಬೇಡ. ಕೆಲಸದ ಸ್ಥಳದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಹತ್ತು ಜನರಿಗಿಂತ ಕಡಿಮೆಯಿಲ್ಲದ ಪ್ರತಿ ಕಚೇರಿಯಲ್ಲೂ ಆಂತರಿಕ ಸಮಿತಿ ಇರಬೇಕು. ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡು. ತಾರೀಖು, ಹೊತ್ತು, ಮೆಸೇಜುಗಳನ್ನು ತೆಗೆದಿಡು. ನಮಗೆ ಅದೇ ದಿನ ಫೋನ್ ಮಾಡು. ಕ್ಷಮಿಸುವುದಕ್ಕೂ ಮುಚ್ಚಿಡುವುದಕ್ಕೂ ಸಂಬಂಧವಿಲ್ಲ. ಫಿಲಿಪ್ಪಿ ಪಟ್ಟಣದಲ್ಲಿ ವಿಚಾರಣೆಯಿಲ್ಲದೆ ಹೊಡೆಸಿ, ಆಮೇಲೆ ಗುಟ್ಟಾಗಿ ಕಳಿಸಲು ನೋಡಿದಾಗ ಪೌಲನು ಒಪ್ಪಲಿಲ್ಲ. ಅಧಿಕಾರಿಗಳೇ ಬಂದು ಹೊರಗೆ ಕರೆದುಕೊಂಡು ಹೋಗಲಿ ಎಂದನು (ಅಪೊಸ್ತಲರ ಕೃತ್ಯಗಳು 16:37).

ಮನಸ್ಸು ಕುಗ್ಗಿ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ನನ್ನ ಪ್ರಾರ್ಥನೆ ಸಾಲದು ಎಂದು ನಿನ್ನನ್ನೇ ದೂರಿಕೊಳ್ಳಬೇಡ. ಸಾಯುತ್ತೇನೆ ಎಂದು ಮಲಗಿದ ಪ್ರವಾದಿ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ; ರೊಟ್ಟಿ, ನೀರು ಕೊಟ್ಟು, ಮಲಗಲು ಬಿಟ್ಟು, ಮತ್ತೆ ಎಬ್ಬಿಸಿ ಉಣ್ಣಿಸಿದನು (1 ಅರಸುಗಳು 19:5-8). ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಆಸ್ಪತ್ರೆ ಇದೆ. ಸುವಾರ್ತೆ ಬರೆದ ಲೂಕನೂ ವೈದ್ಯನೇ.

ಸಭೆ ಯಾವುದು ಎಂದು ಇನ್ನೂ ನಿಶ್ಚಯಿಸಿಲ್ಲ ಅಂದೆ. ಕನ್ನಡ ಆರಾಧನೆ ಬೇಕೆಂದರೆ ಹೂಡಿಯಿಂದ ನೇರಳೆ ಮಾರ್ಗದ ಮೆಟ್ರೋ ಹಿಡಿದು ಕಬ್ಬನ್ ಪಾರ್ಕ್‌ನಲ್ಲಿ ಇಳಿ. ಹಡ್ಸನ್ ವೃತ್ತದ ದೇವಾಲಯಕ್ಕೆ ಅಲ್ಲಿಂದ ಆಟೋದಲ್ಲಿ ಹೋಗಬಹುದು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯವೂ ಇದೆ. ಎಲ್ಲಿಗೇ ಹೋದರೂ ಹಾಡು ಚೆನ್ನಾಗಿದೆಯೇ ಎಂಬುದಕ್ಕಿಂತ ಮುಂಚೆ ಎರಡನ್ನು ಗಮನಿಸು. ಕೊಳೆ ಬಟ್ಟೆಯಲ್ಲಿ ಬಂದವರನ್ನು ಎಲ್ಲಿ ಕೂರಿಸುತ್ತಾರೆ, ‘ನೀವು ಯಾವ ಜನ’ ಎಂದು ಮೆತ್ತಗೆ ಜಾತಿ ಕೇಳುತ್ತಾರೆಯೇ? ಯಾಕೋಬನು 2:1-4 ಇದನ್ನು ನೇರವಾಗಿ ಪಕ್ಷಪಾತ ಎನ್ನುತ್ತದೆ. ಇನ್ನೊಂದು, ಕಾಣಿಕೆಯ ಲೆಕ್ಕವನ್ನು ವರ್ಷಕ್ಕೊಮ್ಮೆ ಸಭೆಯ ಮುಂದೆ ಓದುತ್ತಾರೆಯೇ? ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ಪೌಲನು ಒಬ್ಬನೇ ಒಯ್ಯಲಿಲ್ಲ. ಯಾರೂ ಬೆರಳು ತೋರಿಸಬಾರದು, ಕರ್ತನ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಿರಬೇಕು ಎಂದು ಸಭೆಗಳೇ ಆರಿಸಿದವರನ್ನು ಜೊತೆಗೆ ಕರೆದುಕೊಂಡನು (2 ಕೊರಿಂಥ 8:19-21). ವಾರ್ಷಿಕ ಸಭೆ ಯಾವಾಗ ಎಂದು ಸಭಾಪಾಲಕರನ್ನು ಕೇಳಿ ತಿಳಿದುಕೋ. ಸದಸ್ಯತ್ವದ ಪತ್ರ ಇಲ್ಲಿಂದ ಬೇಕಾದರೆ ಹೇಳು, ನಿಮ್ಮ ಅಪ್ಪ ಬರೆಸಿ ಕಳಿಸುತ್ತಾರೆ.

ಇಂತಿ,
ನಿನ್ನ ಅಮ್ಮ